ದಪ್ಪ, ಇಕ್ಕಟ್ಟು, ಓರೆ

ಕೇಳುಗರಿಗೆ ನಮಸ್ಕಾರ. ಕಣ್ಣು ನೋಡಬೇಕಾದ ಅಕ್ಷರಗಳನ್ನು ಇವತ್ತು ಕಿವಿಗೆ ಕೇಳಿಸಲು ಹೊರಟಿದ್ದೇನೆ. ಸ್ವಲ್ಪ ಫಜೀತಿಯ ಕೆಲಸವೇ. ಇಂಗ್ಲಿಷಿನ ಓ ಅಕ್ಷರವೊಂದನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ, ಸಾಕು.

ಕ್ರೀಡಾಕೂಟದ ಪೋಸ್ಟರು, ಸಿನಿಮಾ ಶೀರ್ಷಿಕೆ, ಆಟಗಾರರ ಅಂಗಿಯ ಬೆನ್ನು ನೆನಪಿಸಿಕೊಳ್ಳಿ. ದಪ್ಪಗೆ, ಮೈ ಹಿಡಿಮಾಡಿಕೊಂಡು, ಬಲಕ್ಕೆ ವಾಲಿ ನಿಂತ ಅಕ್ಷರಗಳು. ವಿನ್ಯಾಸಕಾರರು ಇದನ್ನು ಬೋಲ್ಡ್ ಕಂಡೆನ್ಸ್ಡ್ ಇಟಾಲಿಕ್ ಅನ್ನುತ್ತಾರೆ.

ಈ ಮೂರೂ ಗುಣ ಒಟ್ಟಿಗೆ ಹುಟ್ಟಿದವಲ್ಲ. ಓರೆ ವೆನಿಸ್ಸಿನದು. ಅಲ್ಡಸ್ ಮನುಟಿಯಸ್ ಎಂಬ ಮುದ್ರಕನಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಆ ಅಕ್ಷರದಲ್ಲಿ 1501ರಲ್ಲಿ ವರ್ಜಿಲ್ ಕವಿಯ ಪುಸ್ತಕ ಅಚ್ಚಾಯಿತು. ಆಗ ಅದಕ್ಕೆ ಕೂಗು ಗೊತ್ತಿರಲಿಲ್ಲ, ಕೈಬರಹದ ಮೆಲುದನಿ ಅಷ್ಟೆ. ಕೂಗು ಬಂದದ್ದು ಮೂರು ಶತಮಾನ ಕಳೆದು, ಗೋಡೆ ಜಾಹೀರಾತುಗಳ ಕಾಲಕ್ಕೆ. 1827ರ ಸುಮಾರಿಗೆ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಚ್ಚುಮೊಳೆಗಳನ್ನು ಯಂತ್ರದಿಂದ ಕೊರೆಯತೊಡಗಿದ. ಸೀಸದ ದೊಡ್ಡ ಮೊಳೆ ಎತ್ತಲಾರದ ಭಾರ, ಮರದ್ದು ಹಗುರ. ಹಾಳೆಯ ಅಗಲವಂತೂ ಹಿಗ್ಗುವುದಿಲ್ಲ. ಅಕ್ಷರ ಎತ್ತರವಾಗಬೇಕೆಂದರೆ ಮೈ ಹಿಡಿಯಾಗಲೇಬೇಕು. 1957ರ ಯೂನಿವರ್ಸ್ ಅಕ್ಷರ ಕುಟುಂಬದಲ್ಲಿ ಅದರ ವಿನ್ಯಾಸಕಾರ ಏಡ್ರಿಯನ್ ಫ್ರುಟಿಗರ್ ಹೆಸರುಗಳ ಬದಲು ಅಂಕಿ ಇಟ್ಟರು. ನಮ್ಮ ಈ ಅಕ್ಷರದ ಅಂಕಿ 68: ಆರು ಅಂದರೆ ದಪ್ಪ, ಎಂಟು ಅಂದರೆ ಇಕ್ಕಟ್ಟು ಮತ್ತು ಓರೆ.

ಈಗ ನಿಮ್ಮ ಓ ಹೊರಗೆ ತೆಗೆಯಿರಿ. ಕಂಪ್ಯೂಟರಿನಲ್ಲಿ ಅದನ್ನು ಎರಡೂ ಬದಿಯಿಂದ ಅಮುಕಿದಿರಿ ಅನ್ನೋಣ. ನಿಂತ ಗೆರೆಗಳು ಸೊರಗುತ್ತವೆ, ಮೇಲಿನ ಕೆಳಗಿನ ಗೆರೆಗಳು ಮಾತ್ರ ಇದ್ದಷ್ಟೇ ದಪ್ಪ ಉಳಿಯುತ್ತವೆ. ಇನ್ನು ಬಲಕ್ಕೆ ವಾಲಿಸಿ: ಬಲಮೇಲಿನ, ಎಡಕೆಳಗಿನ ಮೂಲೆ ಊದಿಕೊಳ್ಳುತ್ತದೆ, ಉಳಿದೆರಡು ಮೂಲೆ ಸವೆಯುತ್ತದೆ. ಒಮ್ಮೆ ನಾನೇ ಹೀಗೆ ಬ್ಯಾನರ್ ಮಾಡಿ ಎದೆ ಉಬ್ಬಿಸಿದ್ದೆ. ಅಚ್ಚಾಗಿ ಬಂದಾಗ ಓ ಅಕ್ಷರಗಳೆಲ್ಲ ಗಾಳಿ ಹೋದ ಟೈರುಗಳು! ಬಲ್ಲವರು ಅಮುಕುವುದೂ ಇಲ್ಲ, ವಾಲಿಸಿ ಬಿಡುವುದೂ ಇಲ್ಲ. ಊದಿದ ಮೂಲೆ ಕೆತ್ತಿ, ಸೊರಗಿದ್ದಕ್ಕೆ ಮೈ ತುಂಬಿ, ಹೊಸದಾಗಿಯೇ ಬರೆಯುತ್ತಾರೆ.

ಒಳಗಿನ ಖಾಲಿ ಜಾಗದ ಮೇಲೂ ಕಣ್ಣಿರಲಿ. ದಪ್ಪ ಮತ್ತು ಇಕ್ಕಟ್ಟು ಸೇರಿದರೆ ಓ ಒಳಗೆ ಉಳಿಯುವುದು ಒಂದು ಸೀಳು ಮಾತ್ರ. ದೊಡ್ಡದಾಗಿ ಬರೆದಾಗ ಆ ಸೀಳೇ ಚೆಂದ. ಸಣ್ಣದಾಗಿ ಅಚ್ಚು ಹಾಕಿದರೆ ಶಾಯಿ ತುಂಬಿ ಕರೀ ಮುದ್ದೆ. ಇಡೀ ಪ್ಯಾರಾವನ್ನೇ ಇದರಲ್ಲಿ ಕೂರಿಸುವವರನ್ನು ಕಂಡರೆ ನನಗೆ ಓದುಗರ ಮೇಲೆ ಮರುಕ.

ಕನ್ನಡ ಅಕ್ಷರಕ್ಕೆ ಇದೇ ವೇಷ ಹಾಕಿದರೆ? ದುಂಡಗೆ ಹರಡಿ ಕೂರುವ ಲಿಪಿ ಅಷ್ಟು ಸುಲಭಕ್ಕೆ ಹಿಡಿಯಾಗುವುದಿಲ್ಲ. ಅದಕ್ಕಿಂತ ತಕರಾರು ಒತ್ತಕ್ಷರದ್ದು. ಸಾಫ್ಟ್‌ವೇರು ಅಕ್ಷರವನ್ನು ವಾಲಿಸುವಾಗ ಗೆರೆಯ ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ ಸರಿಯುತ್ತದೆ. ಅಕ್ಕ ಎಂದು ಬರೆದರೆ ಕೆಳಗಿನ ಕಕಾರದ ಒತ್ತು ಹಿಂದಿನ ಅಕಾರದ ಕಡೆಗೆ ಜರುಗುತ್ತದೆ. ಅದನ್ನು ಒಂದೊಂದಾಗಿ ಹಿಡಿದು ಮತ್ತೆ ಬಲಕ್ಕೆ ತಂದು ಕೂರಿಸಬೇಕು, ಕೈಯಿಂದಲೇ.