ನೀಲಿ ದೀಪದ ಕೆಳಗಿನ ಕೂಸು

ವಿಜಯಪುರದ ಕೇಳುಗರಿಗೆ ನಮಸ್ಕಾರ. ಇಂಡಿಯಲ್ಲೋ ಸಿಂದಗಿಯಲ್ಲೋ ಮಗಳ ಬಾಣಂತನ ಮಾಡುತ್ತಾ ರೇಡಿಯೊ ಹಚ್ಚಿ ಕೂತ ಅವ್ವಂದಿರೇ, ಈ ಮಾತು ನಿಮಗೆ. ಹುಟ್ಟಿದ ಕೂಸಿಗೆ ಕಾಮಣಿ ಆಗಿ ನೀಲಿ ದೀಪದ ಕೆಳಗೆ ಮಲಗಿಸಿರುತ್ತಾರೆ. ಮರುದಿನ ಮೈ ತಿಳಿಯಾಗಿರುತ್ತದೆ. "ಕಡಿಮಿ ಆತು, ಮನಿಗಿ ಕಳಸ್ರಿ" ಅಂತೀರಿ. ಬೇಡ ತಾಯಿ. ಬಣ್ಣ ನೋಡಬೇಡಿ, ರಕ್ತದ ರಿಪೋರ್ಟ್ ಕೇಳಿ.

1956ರ ಬೇಸಿಗೆ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ವಾರ್ಡ್ ಎಂಬ ಹೆಸರಿನ ನರ್ಸ್ ಸಿಸ್ಟರ್ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬಿಸಿಲು ಬಿದ್ದ ದಿನ ಅಂಗಳಕ್ಕೆ ಒಯ್ಯುತ್ತಿದ್ದರು. ಒಮ್ಮೆ ಡಾಕ್ಟರು ರೌಂಡ್ಸ್‌ಗೆ ಬಂದಾಗ ಒಂದು ಕೂಸಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈಯೆಲ್ಲ ತಿಳಿ, ಒಂದು ಕಡೆ ಮಾತ್ರ ಮೂರು ಮೂಲೆಯ ದಟ್ಟ ಹಳದಿ ಗುರುತು. ಅಯೋಡಿನ್ ಬಳಿದಿರಾ ಎಂದು ಡಾಕ್ಟರು ಕೇಳಿದರು. ಬಳಿದದ್ದಲ್ಲ, ಚಾದರದ ತುದಿ ಮುಚ್ಚಿದ್ದ ಜಾಗ ಅದು! ಉಳಿದ ಮೈಯ ಹಳದಿಯನ್ನು ಬಿಸಿಲು ತೆಗೆದಿತ್ತು. ಕೆಲವು ವಾರಗಳ ಮೇಲೆ, ಕಾಮಣಿ ಕೂಸಿನ ರಕ್ತದ ಟ್ಯೂಬು ಬಿಸಿಲಲ್ಲಿ ಉಳಿದುಹೋಗಿ, ಮೈ ಹಳದಿ ಮಾಡುವ ಬಿಲಿರುಬಿನ್ ಎಂಬ ವಸ್ತು ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಬಂತು. ಎರಡನ್ನೂ ಕೂಡಿಸಿ ನೋಡಿದ ಅದೇ ಆಸ್ಪತ್ರೆಯ ಡಾಕ್ಟರ್ ಕ್ರೆಮರ್ ಮತ್ತು ಜೊತೆಗಾರರು ಕೂಸಿಗೆಂದೇ ದೀಪ ಕಟ್ಟಿಸಿ, 1958ರಲ್ಲಿ ವಿವರ ಪ್ರಕಟಿಸಿದರು.

ಹಾಗಂತ ನಮ್ಮ ವಿಜಯಪುರದ ಬಿಸಿಲಿಗೆ ಕೂಸನ್ನು ಹಿಡಿಯಬೇಡಿ. ಮೈ ಸುಡುತ್ತದೆ, ಮೈಯ ನೀರು ಆರುತ್ತದೆ.

ಆ ಮೂರು ಮೂಲೆಯ ಹಳದಿಯನ್ನು ನೆನಪಿಡಿ. ಬೆಳಕು ಬಿದ್ದಲ್ಲಷ್ಟೇ ಕೆಲಸ. ಕಣ್ಣಿಗೆ ಪಟ್ಟಿ, ಕೆಳಗೊಂದು ಸಣ್ಣ ಡೈಪರ್, ಅಷ್ಟೇ ಇರಲಿ. ಕುಂಚಿಗೆ, ಕಾಲುಚೀಲ, ದುಪಟಿ, ಎಣ್ಣೆ ಒಂದೂ ಬೇಡ. ಥಂಡಿ ಆಗುತ್ತದೆಂದು ನರ್ಸ್ ಆಚೆ ಹೋದ ಕೂಡಲೇ ಹೊದಿಸುತ್ತೀರಲ್ಲ, ಅಲ್ಲಿಗೆ ದೀಪ ಇದ್ದೂ ಇಲ್ಲದಂತೆ. ಎರಡು ಮೂರು ತಾಸಿಗೊಮ್ಮೆ ಎದೆಹಾಲು ಕುಡಿಸಿ, ಮತ್ತೆ ದೀಪದಡಿ ಮಲಗಿಸಿ. ಇನ್ನೊಂದು, ಬೆಳಕಿಗೆ ಚರ್ಮ ಮೊದಲು ತಿಳಿಯಾಗುತ್ತದೆ, ರಕ್ತದಲ್ಲಿ ಬಿಲಿರುಬಿನ್ ಇನ್ನೂ ಇರುತ್ತದೆ. ಅದಕ್ಕೇ ಹೇಳುವುದು, ಬಣ್ಣ ಅಲ್ಲ, ರಿಪೋರ್ಟ್.

ಎಷ್ಟು ಇಳಿಯಬೇಕು? ದಿನ ತುಂಬಿ ಹುಟ್ಟಿದ ಕೂಸಿಗೆ ಒಳ್ಳೆಯ ದೀಪದಡಿ 24 ತಾಸಿನಲ್ಲಿ ನೂರಕ್ಕೆ 30ರಿಂದ 40ರಷ್ಟು. ಬಿಲಿರುಬಿನ್ ಡೆಸಿಲೀಟರಿಗೆ 20 ಮಿಲಿಗ್ರಾಂ ಇದ್ದದ್ದು ಮರುದಿನ ಇಷ್ಟೊತ್ತಿಗೆ 12–14ಕ್ಕೆ ಬರಬೇಕು. ಹೆಚ್ಚಿದ್ದಾಗ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಆದ್ದರಿಂದ ನಾಲ್ಕಾರು ತಾಸಿಗೇ ಮಾಡುವ ಎರಡನೆಯ ಪರೀಕ್ಷೆ ದಾರಿ ತೋರಿಸುತ್ತದೆ. ಸೂಜಿ ಚುಚ್ಚುವಾಗ ದೀಪ ಆರಿಸಿರಬೇಕು, ಟ್ಯೂಬಿಗೆ ಬೆಳಕು ತಾಗಬಾರದು.

ಇಳಿಯಲಿಲ್ಲವೆಂದರೆ ದೀಪದ ಶಕ್ತಿ ಕುಂದಿರಬಹುದು. ಬೆಳಕಿನ ಶಕ್ತಿ ಅಳೆಯುವ ಮೀಟರ್ ಹಿಡಿದರೆ ಅಂಕಿ 30ಕ್ಕೆ ಕಡಿಮೆ ಇರಬಾರದು. ಇಲ್ಲವೇ ಕೂಸಿನ ರಕ್ತ ಒಳಗೇ ಒಡೆಯುತ್ತಿರಬಹುದು. ತಾಯಿಯ ಗುಂಪು ಓ ಅಥವಾ ನೆಗೆಟಿವ್ ಇದ್ದರೆ ಮೊದಲೇ ಹೇಳಿಬಿಡಿ.

ದೀಪ ತೆಗೆದ ಮೇಲೂ ಕಾಮಣಿ ಮರಳಿ ಏರಬಹುದು. ಊರಿನ ಬಸ್ಸು ಹತ್ತುವ ಮೊದಲು ಮುಂದಿನ ಪರೀಕ್ಷೆಯ ದಿನವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ನಮಸ್ಕಾರ.