ಛೇದ ಎಲ್ಲಿದೆ?

(ಕಲಬುರಗಿಯಲ್ಲಿ, ಪಿಎಚ್.ಡಿ.ಗೆ ಅಣಿಯಾಗುತ್ತಿರುವ ಕುಟುಂಬ ವೈದ್ಯರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣಾರ್ಥಿ.

ನಿಮ್ಮ ಸಂಶೋಧನಾ ಪ್ರಸ್ತಾವಗಳನ್ನು ರಾತ್ರಿ ಕುಳಿತು ಓದಿದೆ. ಬಹುಪಾಲು ಒಂದೇ ಸಾಲಿನಿಂದ ಶುರುವಾಗುತ್ತವೆ: ‘ನಮ್ಮ ಆಸ್ಪತ್ರೆಗೆ ಬಂದ 200 ಮಧುಮೇಹಿಗಳಲ್ಲಿ…’ ಭಿನ್ನರಾಶಿ ಕಲಿಸಿದ ಮಾಸ್ತರರು ಕಂಡಿದ್ದರೆ ಕಿವಿ ಹಿಂಡುತ್ತಿದ್ದರು. 200 ಎಂಬುದು ಅಂಶ, ಅಂದರೆ ಗೆರೆಯ ಮೇಲಿನ ಸಂಖ್ಯೆ. ಗೆರೆಯ ಕೆಳಗಿನ ಛೇದ ಎಲ್ಲಿದೆ? ಬಾರದೆ ಮನೆಯಲ್ಲೇ ಉಳಿದವರು ಎಷ್ಟು ಮಂದಿ?

1961ರಲ್ಲಿ ವೈದ್ಯ ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ, ಬ್ರಿಟನ್ನಿನ ಅಂಕಿಗಳಿಂದ ಒಂದು ಲೆಕ್ಕ ತೆಗೆದರು. 1000 ವಯಸ್ಕರಲ್ಲಿ ತಿಂಗಳಿಗೆ 750 ಮಂದಿಗೆ ಏನಾದರೊಂದು ಕಾಯಿಲೆ ಅಥವಾ ಪೆಟ್ಟು. ವೈದ್ಯರನ್ನು ಕಂಡವರು 250. ಆಸ್ಪತ್ರೆಯಲ್ಲಿ ದಾಖಲಾದವರು 9. ವಿಶ್ವವಿದ್ಯಾಲಯದ ಆಸ್ಪತ್ರೆ ತಲುಪಿದವನು ಒಬ್ಬ! ಆ ಒಬ್ಬನ ಹಾಸಿಗೆಯ ಪಕ್ಕ ನಿಂತು ನಾವು ವೈದ್ಯಕೀಯ ಕಲಿತೆವು. ಸಂಶೋಧನೆಯನ್ನೂ ಅಲ್ಲೇ ಮಾಡಲು ಹೊರಟಿದ್ದೇವೆ.

ಯಾರ್ಕ್‌ಶೈರಿನ ಹಳ್ಳಿ ವೈದ್ಯ ವಿಲಿಯಂ ಪಿಕಲ್ಸ್ ಯಾರು ಯಾವ ದಿನ ಯಾರನ್ನು ಭೇಟಿಯಾದರು ಎಂದು ಬರೆದಿಟ್ಟುಕೊಂಡೇ, ಕಾಮಾಲೆಯ ಸೋಂಕು ತಗಲಿದ ಎಷ್ಟು ದಿನಕ್ಕೆ ರೋಗ ಕಾಣಿಸುತ್ತದೆ ಎಂಬುದನ್ನು ಹಿಡಿದರು. ವೇಲ್ಸ್‌ನ ಗಣಿ ಹಳ್ಳಿಯಲ್ಲಿ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ ತಮ್ಮಲ್ಲಿ ನೋಂದಾಯಿಸಿಕೊಂಡವರ ಪಟ್ಟಿಯ ಹೆಚ್ಚುಕಡಿಮೆ ಎಲ್ಲ ವಯಸ್ಕರ ರಕ್ತದೊತ್ತಡ ಅಳೆದರು. ಅಗತ್ಯ ಹೆಚ್ಚಿದ್ದಲ್ಲೇ ವೈದ್ಯಸೇವೆ ಕಡಿಮೆ ಎಂದು 1971ರಲ್ಲಿ ಬರೆದವರೂ ಅವರೇ. ಯಾದಗಿರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಬ್ಬರ ಬಳಿಯೂ ಇದ್ದದ್ದು ಛೇದ, ಅಂದರೆ ಊರಿನ ಜನರ ಪಟ್ಟಿ.

ನಮಗೆ ಅಂಥ ಪಟ್ಟಿ ಇಲ್ಲವೆ? ಇದೆ, ಆಶಾ ಕಾರ್ಯಕರ್ತೆಯ ಚೀಲದಲ್ಲಿ. ಹಳ್ಳಿಗಳಲ್ಲಿ ಸುಮಾರು 1000 ಜನರಿಗೆ ಒಬ್ಬ ಆಶಾ. ವೈಟ್ ಹಿಡಿದ ಸಂಖ್ಯೆಯೂ ಅದೇ!

ಈಗ ಸುರಪುರದ ಕಡೆಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ರಾಶಿ ಮುಗಿದೊಡನೆ ಕುಟುಂಬಗಳು ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗುತ್ತವೆ. ಬಿ.ಪಿ. ಮಾತ್ರೆ ಒಯ್ದದ್ದು ಒಂದು ತಿಂಗಳಿಗೆ, ಮರಳುವುದು ಮುಂಗಾರಿಗೆ. ರಿಜಿಸ್ಟರಿನಲ್ಲಿ ನಾವು ‘ಚಿಕಿತ್ಸೆ ಬಿಟ್ಟವರು’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ನಿಜಕ್ಕೂ ಬಿಟ್ಟರೇ? ಕಟ್ಟಡದ ಕೆಲಸದ ಜಾಗದ ಮಗ್ಗುಲಲ್ಲೇ ಮಾತ್ರೆ ಕೊಂಡರೇ? ಚೀಟಿ ಕಳೆದುಹೋಯಿತೇ? ನನ್ನ ಮಟ್ಟಿಗೆ ಇದು ಮೂರು ವರ್ಷ ದುಡಿಯಲು ಯೋಗ್ಯವಾದ ಪ್ರಶ್ನೆ. ಇದಕ್ಕೆ ಎಣಿಕೆಯೊಂದೇ ಸಾಲದು. ಕುಳಿತು ಮಾತು ಕೇಳುವುದನ್ನೂ ಕಲಿಯಬೇಕು. ತಾಂಡಾದಲ್ಲಿ ಲಂಬಾಣಿ, ಗುರುಮಠಕಲ್ಲಿನ ಗಡಿಯಲ್ಲಿ ತೆಲುಗು, ಔರಾದದಲ್ಲಿ ಮರಾಠಿ. ಪ್ರಶ್ನಾವಳಿಯನ್ನು ಒಬ್ಬರು ಅನುವಾದಿಸಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಮೂಲ ಭಾಷೆಗೆ ತರಲಿ. ಎಡವಟ್ಟುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಸಂಶೋಧನೆ ನೈತಿಕವೇ ಎಂದು ನೋಡುವ ಸಮಿತಿಗೆ ಅರ್ಜಿ, ಅಂಕಿಅಂಶಗಳ ತರಗತಿ ಇವೆಲ್ಲ ಹೇಗೂ ಬರುತ್ತವೆ. ಒಂದು ಮಾತು ಮಾತ್ರ ಈಗಲೇ. ನೀವು ಕುಟುಂಬ ವೈದ್ಯರು. ಹತ್ತು ವರ್ಷದಿಂದ ಔಷಧ ಕೊಟ್ಟವರು ‘ಸಹಿ ಹಾಕುತ್ತೀಯೇನವ್ವಾ’ ಎಂದರೆ ಯಾವ ಅಜ್ಜಿ ಒಲ್ಲೆ ಎನ್ನುತ್ತಾಳೆ? ಅದು ಒಪ್ಪಿಗೆಯಲ್ಲ, ದಾಕ್ಷಿಣ್ಯ. ಒಪ್ಪಿಗೆ ಕೇಳುವ ಕೆಲಸವನ್ನು ಬೇರೆಯವರಿಗೆ ವಹಿಸಿ, ನೀವು ಹೊರಗೆ ನಿಲ್ಲಿ.

ಊಟದ ನಂತರ ಪ್ರಸ್ತಾವದ ಮೊದಲ ಪುಟ ತನ್ನಿ, ಛೇದವನ್ನು ಪೆನ್ಸಿಲಿನಲ್ಲಿ ಬರೆದು. ಸಂಜೆಯೊಳಗೆ ಎರಡು ಸಲವಾದರೂ ಅಳಿಸಬೇಕಾದೀತು.