ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ತಾಯಿ ಮಗನ ಕೈ ಹಿಡಿದು ಬರುತ್ತಾಳೆ. "ಸರ್, ಇವನಿಗಿ ಓದ್ಲಾಕ ಬರಲ್ಲ. ಇನ್ನೊಂದ್ ವರ್ಷ ಅದೇ ಕ್ಲಾಸಿನ್ಯಾಗ ಕೂಡಸ್ರಿ." ಮಗನ ಮೇಲಿನ ಕಾಳಜಿಯಿಂದಲೇ ಹೇಳುತ್ತಾಳೆ. ಮೂವತ್ತು ವರ್ಷದ ಹಿಂದೆ, ಹೊಸದಾಗಿ ಮಾಸ್ತರನಾದಾಗ, ನಾನೂ ಒಬ್ಬ ಹುಡುಗನನ್ನು ಎರಡನೇ ಕ್ಲಾಸಿನಲ್ಲೇ ಕೂಡಿಸಿದೆ.

ಆ ಮರುವರ್ಷ ನನಗೆ ಇನ್ನೂ ನೆನಪಿದೆ. ಅದೇ ಪುಸ್ತಕ, ಅದೇ ಪಾಠ, ಕಲಿಸುವವನು ಅದೇ ನಾನು. ಹೊಸದೇನೆಂದರೆ ಅವನ ತಂಗಿ ಅದೇ ಕ್ಲಾಸಿಗೆ ಬಂದಿದ್ದಳು. ಅವಳು ಎದ್ದು ನಿಂತು ಓದುವಾಗ ಇವನು ಪಾಟಿಯ ಕಟ್ಟನ್ನು ಉಗುರಿನಿಂದ ಕೆರೆಯುತ್ತಾ ಕೂತಿರುತ್ತಿದ್ದ. ದೀಪಾವಳಿ ಹೊತ್ತಿಗೆ ಶಾಲೆ ಬಿಟ್ಟ. ಆಡು ಕಾಯಲು ಹೋಗ್ತಾನೆ ಅಂದರು. ಮನೆಗೆ ಹೋಗಿ ಕರೆದೆ, ಬರಲಿಲ್ಲ. ಆ ಎರಡು ವರ್ಷದಲ್ಲಿ ಒಂದು ದಿನವೂ ನಾನು ಅವನ ಪಕ್ಕದಲ್ಲಿ ಕೂತು ಓದಿಸಿರಲಿಲ್ಲ.

ಓದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಪಕ್ಕದಲ್ಲಿ ಕೂತರೆ ಮಾತ್ರ ಕಾಣುತ್ತದೆ. ನಮ್ಮ ಕಡೆ ಮನೆಮಾತು ಒಂದೇ ಅಲ್ವಲ್ಲ. ಉರ್ದು ಇದೆ, ಬೀದರಿನತ್ತ ಮರಾಠಿ, ಗಡಿಯ ಊರುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಎಷ್ಟೋ ವರ್ಷದ ಮೇಲೆ ಚಿತ್ತಾಪುರ ತಾಲ್ಲೂಕಿನ ಒಂದು ತಾಂಡಾದ ಹುಡುಗಿಯ ಹತ್ತಿರ ಕೂತೆ. ಪುಸ್ತಕದಲ್ಲಿ ತಾಯಿಯ ಚಿತ್ರ, ಕೆಳಗೆ 'ಅಮ್ಮ'. ಅ ಅಂದಳು. ಮ ಅಂದಳು. ಒತ್ತಕ್ಷರವನ್ನು ಬೆರಳಿನಿಂದ ಮುಚ್ಚಿದಳು, ತೆಗೆದಳು. ಕೊನೆಗೆ ಚಿತ್ರ ನೋಡಿ "ಯಾಡಿ" ಅಂದಳು. ಲಂಬಾಣಿಯಲ್ಲಿ ಯಾಡಿ ಅಂದರೆ ತಾಯಿ. ಅಕ್ಷರ ಗೊತ್ತಿತ್ತು, ಅರ್ಥವೂ ಗೊತ್ತಿತ್ತು. ಅಡ್ಡ ನಿಂತಿದ್ದು ಒಂದು ಒತ್ತು, ಒಂದು ಭಾಷೆ. ಇದಕ್ಕೆ ಇಡೀ ವರ್ಷ ಕೂಡಿಸಬೇಕಾ? ಅವಳನ್ನು ಮೂರನೇ ಕ್ಲಾಸಿಗೆ ಕಳಿಸಿದೆವು. ಬಿಸಿಯೂಟಕ್ಕೆ ಮೊದಲು ದಿನಾ ಅರ್ಧ ಗಂಟೆ ಓದಿಸಿದೆ. ಮಳೆಗಾಲ ಮುಗಿಯುವ ಮೊದಲೇ ಬಸ್ಸಿನ ಬೋರ್ಡು ನೋಡಿ 'ಚಿತ್ತಾಪುರ' ಅಂತ ಓದಿದಳು, ಆ 'ತ್ತಾ'ವನ್ನು ಜೋರಾಗಿ ಒತ್ತಿ.

ಇನ್ನು ಗುಳೆ ಹೋಗುವ ಮನೆಯ ಮಕ್ಕಳು. ಅಪ್ಪ ಅವ್ವನ ಜೊತೆ ಮುಂಬೈ, ಪುಣೆ, ಬೆಂಗಳೂರು ಅಂತ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗುವಿಗೆ ಮೇಲೊಂದು ವರ್ಷದ ಶಿಕ್ಷೆ ಯಾಕೆ?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹಿಂದೆ ಉಳಿಸಬಾರದು ಅಂದಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ, ಮರುಪರೀಕ್ಷೆಯಲ್ಲೂ ಪಾಸಾಗದಿದ್ದರೆ, ಉಳಿಸಿಕೊಳ್ಳುವ ದಾರಿ ತೆರೆಯಿತು. ಇನ್ನೂ ಸಣ್ಣ ಮಕ್ಕಳಿಗೂ ಹೀಗೇ ಕಡ್ಡಾಯ ಮಾಡಿ ಅನ್ನುವವರು ಅಮೆರಿಕದ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ಫ್ಲೋರಿಡಾ ರಾಜ್ಯ 2002ರಲ್ಲೇ, ಕೆಲವು ವಿನಾಯಿತಿ ಬಿಟ್ಟು, ಓದು ಬಾರದ ಮಗುವನ್ನು ಮೂರನೇ ತರಗತಿಯಲ್ಲೇ ಉಳಿಸುವ ಕಾನೂನು ಮಾಡಿತು. ಆದರೆ ಸುಮ್ನೆ ಕೂಡಿಸಿಬಿಡಲಿಲ್ಲ. ಅಂಥ ಮಕ್ಕಳಿಗೆ ದಿನಕ್ಕೆ 90 ನಿಮಿಷ ಓದಿಸಬೇಕು, ಬೇಸಿಗೆ ಶಿಬಿರ ನಡೆಸಬೇಕು ಅಂತಲೂ ಬರೆದಿಟ್ಟರು. ಅಲ್ಲಿ ಮಕ್ಕಳ ಓದು ಸುಧಾರಿಸಿದ್ದರೆ, ಕೆಲಸ ಮಾಡಿದ್ದು ಆ 90 ನಿಮಿಷವೋ, ಹಿಂದೆ ಕೂಡಿಸಿದ್ದೋ? ಮಿಷಿಗನ್ ರಾಜ್ಯವೂ 2016ರಲ್ಲಿ ಇಂಥ ಕಾನೂನು ತಂದಿತು. 2023ರಲ್ಲಿ ಹಿಂದೆ ಉಳಿಸುವ ನಿಯಮ ಕೈಬಿಟ್ಟು, ಓದಿಸುವ ನೆರವನ್ನು ಮಾತ್ರ ಉಳಿಸಿಕೊಂಡಿತು.

ಓದು ಬಾರದೆ ಮುಂದಕ್ಕೆ ತಳ್ಳಿಬಿಡಿ ಅಂತ ನಾನು ಹೇಳುತ್ತಿಲ್ಲ. ಅದೂ ಅಷ್ಟೇ ದೊಡ್ಡ ಮೋಸ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ, ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಸುವ ಪದ್ಧತಿಯಲ್ಲಿ ಕಲಿಕೆಯ ಏಣಿ ಇದೆ. ಮಗು ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿನಿಂದ ಮತ್ತೆ ಹತ್ತುತ್ತದೆ. ಒಬ್ಬರೇ ಮಾಸ್ತರರಿಗೆ ಎಲ್ಲ ಕ್ಲಾಸು ಹೊರಿಸಿದರೆ ಆ ಏಣಿ ಗೋಡೆಗೆ ತೂಗುಹಾಕಿದ ಚಾರ್ಟಾಗಿ ಉಳಿಯುತ್ತದೆ. ನಮಗೆ ಜಾಸ್ತಿ ಬೇಕಿರುವುದು ಮಾಸ್ತರರು, ಟೀಚರಮ್ಮನವರು.

ತಾಯಂದಿರೇ, ಈ ಸಲ ಶಾಲೆಗೆ ಹೋದಾಗ ಹೀಗೆ ಕೇಳಿ: "ಸರ್, ನನ್ನ ಮಗನ್ನ ದಿನಾ ಯಾರು ಓದಿಸ್ತೀರಿ, ಎಷ್ಟೊತ್ತು ಓದಿಸ್ತೀರಿ?" ಉತ್ತರ ಸಿಗುವವರೆಗೆ ಕೇಳಿ. ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲೂ ಕೇಳಿ.

ನಮಸ್ಕಾರ.